ಬರಬೇಕಾದ್ದು ಬೇರೆ, ಬರೋದು ಬೇರೆ

ನನ್ನ ಚಿಕ್ಕಮ್ಮನ ಎಡಗೈ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ನಾಲ್ಕು ಹಾಳೆ ಸಿಕ್ಕಿದರೆ ಸಾಕು, ಒಂದೊಂದನ್ನು ಒಂದೊಂದು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಸರಸರ ಮಗುಚುತ್ತಿದ್ದಳು. ಕರೆಂಟ್ ಬಿಲ್ಲು, ಮದುವೆ ಕಾಗದ, ಔಷಧಿ ಅಂಗಡಿಯ ಚೀಟಿ, ಯಾವುದಾದರೂ ನಡೆಯುತ್ತಿತ್ತು. ನಮ್ಮ ಅಜ್ಜಿಯ ತಿಥಿಯ ದಿನ ಬಡಿಸುವ ಹೊತ್ತಿಗೆ ಎಲೆ ಕಮ್ಮಿ ಬಂತೆಂದು ಮನೆಯೆಲ್ಲ ಹುಡುಕಿದರೆ, ಇವಳು ಹಿತ್ತಲ ಕಟ್ಟೆ ಮೇಲೆ ಕೂತು ಬಾಳೆಲೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಮಗುಚುತ್ತ, ಎಲೆಯ ನಡುದಿಂಡು ಅತ್ತಿತ್ತ ಓಲಾಡುವುದನ್ನು ನೋಡುತ್ತಿದ್ದಳು. "ಎಲೆ ತಾರೇ, ಜನ ಕೂತವ್ರೆ" ಅಂತ ನಮ್ಮಮ್ಮ ಕೂಗಿದ್ದಕ್ಕೆ, "ತಡಿ ಅಕ್ಕ, ಇದು ಈಗ ನಡಿಯಕ್ಕೆ ಶುರು ಮಾಡ್ಯದೆ" ಅಂದಳು. ಬಲಗೈ ನಡುಬೆರಳಿನ ಪಕ್ಕದಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಆದ ಒಂದು ಗುಳಿ ಇತ್ತು. ಅದರಲ್ಲಿ ಒಂದು ಕಡಲೆಕಾಳು ಕೂರುವಷ್ಟು ಜಾಗ ಇತ್ತು.

ಇದನ್ನು ಬರೆಯಲು ಕೂತದ್ದು ಸಿಟ್ಟಿನಿಂದ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ತೀರಿಕೊಂಡ ವಾರದಲ್ಲಿ ನಮ್ಮ ಸೋಮವಾರಪೇಟೆಯ ಬಸ್‌ಸ್ಟ್ಯಾಂಡ್ ಎದುರು ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ಅವಳ ಫೋಟೋ, ನಾನೇ ತೆಗೆದದ್ದು. ಪಕ್ಕದಲ್ಲಿ ಇಂಟರ್‌ನೆಟ್ಟಿನಿಂದ ಎತ್ತಿ ಹಾಕಿದ ಹಲ್ಲು ಕಿರಿಯುವ ಒಂದು ಮೊಲ, ಟೋಪಿ ಹಾಕಿದ ಒಂದು ಕರಡಿ. ಕೆಳಗೆ "ಮಕ್ಕಳ ಅಚ್ಚುಮೆಚ್ಚಿನ ಕಾರ್ಟೂನ್ ಆಂಟಿಗೆ ಭಾವಪೂರ್ಣ ಶ್ರದ್ಧಾಂಜಲಿ" ಎಂಬ ಸಾಲು. ಆ ಮೊಲ ಇವಳದಲ್ಲ, ಕರಡಿ ಇವಳದಲ್ಲ. ಕಾರ್ಟೂನ್ ಎಂಬ ಮಾತು ಕೇಳಿದರೆ ಅವಳ ಮೂಗಿನ ಹೊಳ್ಳೆ ಅರಳುತ್ತಿತ್ತು. ಮಕ್ಕಳೆಂದರೆ ಅಷ್ಟಕ್ಕಷ್ಟೆ, ನನ್ನ ಫೋಟೋ ಸ್ಟುಡಿಯೋಗೆ ಬಂದ ಮಕ್ಕಳನ್ನು "ಅದು ಮುಟ್ಬೇಡ, ಇದು ಮುಟ್ಬೇಡ" ಅಂತ ಗದರುತ್ತಿದ್ದವಳು. ನಾನು ಸ್ಟುಡಿಯೋದ ಏಣಿ ಹೊತ್ತುಕೊಂಡು ಹೋಗಿ, ನಡುಮಧ್ಯಾಹ್ನ ಊರೆಲ್ಲ ನೋಡುತ್ತಿರುವಂತೆ ಅದನ್ನು ಹರಿದು ಹಾಕಿದೆ. ಅದನ್ನು ಕಟ್ಟಿಸಿದ ಊರಿನ ಸಾಂಸ್ಕೃತಿಕ ಸಂಘದ ಅಧ್ಯಕ್ಷರು ಓಡಿ ಬಂದು, "ಏನ್ ಬ್ರದರ್ ಹಿಂಗ್ ಮಾಡಿದ್ರಿ, ನಾವು ಪ್ರೀತಿಗೆ ಹಾಕ್ಸಿದ್ದು" ಅಂದರು. ಪ್ರೀತಿ ಇದ್ದವರು, ಸತ್ತವರು ಏನು ಕೆಲಸ ಮಾಡುತ್ತಿದ್ದರು ಅಂತ ಒಂದು ಮಾತು ಕೇಳಿ ತಿಳಿದುಕೊಳ್ಳುತ್ತಾರೆ.

ಅವಳು ಮಾಡುತ್ತಿದ್ದ ಕೆಲಸ ಇದು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಹೈದರಾಬಾದಿನ ಒಂದು ಅನಿಮೇಷನ್ ಸ್ಟುಡಿಯೋಗೆ ಸೇರಿದಳು. ಹೊರದೇಶದ ದೊಡ್ಡ ಕಂಪನಿಗಳ ಸಿನಿಮಾಗಳ ಎಷ್ಟೋ ಕೆಲಸ ಅಲ್ಲಿ ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಆ ದೇಶದ ಮುಖ್ಯ ಕಲಾವಿದ ಕೈ ಎತ್ತಿದ ಒಂದು ಚಿತ್ರ, ಕೈ ಇಳಿಸಿದ ಒಂದು ಚಿತ್ರ ಬರೆದು ಕಳಿಸುತ್ತಾನೆ. ಎತ್ತಿದ ಕೈ ಇಳಿಯುವವರೆಗಿನ ನಡುವಿನ ಚಿತ್ರಗಳನ್ನೆಲ್ಲ ಇವಳು ಬರೆಯಬೇಕು, ಹಾಳೆಗಳನ್ನು ಬೆರಳ ಸಂದಿಯಲ್ಲಿ ಮಗುಚಿ ಚಲನೆ ಸರಿಯಾಗಿದೆಯೇ ಅಂತ ನೋಡಬೇಕು. ಪರದೆಯ ಮೇಲೆ ಓಡುವುದು, ಉಸಿರಾಡುವುದು, ಅಳುವುದು ಎಲ್ಲ ಆ ನಡುವಿನ ಚಿತ್ರಗಳಲ್ಲೇ ಇರುತ್ತದೆ. ಸಿನಿಮಾ ಮುಗಿದು ಕೊನೆಯಲ್ಲಿ ಹೆಸರುಗಳು ಉರುಳುವಾಗ ಕಾಫಿ ತಂದುಕೊಟ್ಟವರ ಹೆಸರೂ ಬರುತ್ತಿತ್ತು. ಇವಳದ್ದಿರಲಿ, ಇವಳ ಜೊತೆ ಕೂತು ಬರೆದ ಒಬ್ಬರ ಹೆಸರೂ ಬರುತ್ತಿರಲಿಲ್ಲ. ಅವರೆಲ್ಲರ ಬದಲಿಗೆ ಹೈದರಾಬಾದಿನ ಕಂಪನಿಯ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತಿತ್ತು. ಅವಳು ಕೆಲಸ ಮಾಡಿದ ಒಂದು ಸಿನಿಮಾಕ್ಕೆ ಅಮೆರಿಕದ ಆ ದೊಡ್ಡ ಪ್ರಶಸ್ತಿಯೂ ಬಂತು. ವೇದಿಕೆ ಹತ್ತಿದವನು ತನ್ನ ಹೆಂಡತಿಗೆ, ದೇವರಿಗೆ, ನಾಯಿಗೆ ಥ್ಯಾಂಕ್ಸ್ ಹೇಳಿದ. "ನಾಯಿಗೂ ಹೇಳ್ದ ಕಣೋ" ಅಂತ ಇವಳು ನನಗೆ ಹತ್ತು ಸಲವಾದರೂ ಹೇಳಿರಬೇಕು.

ಕೈಯಲ್ಲಿ ಬರೆಯುವ ವಿಭಾಗವನ್ನು ಕಂಪನಿ ಮುಚ್ಚಿದಾಗ ಅವಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಊರಿಗೆ ವಾಪಸು ಬಂದಳು. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಪಕ್ಕದಲ್ಲೇ ಅಜ್ಜನ ಹಳೇ ಮನೆಯಿತ್ತು, ಅದರ ಮುಂದಿನ ಕೋಣೆಯಲ್ಲಿ ಬೆಳಕಿನ ಮೇಜು ಹಾಕಿಕೊಂಡಳು. ಮೇಜಿನ ಗಾಜಿನ ಕೆಳಗೆ ಟ್ಯೂಬ್‌ಲೈಟ್, ಅದರ ಮೇಲೆ ಹಾಳೆ, ಅಡಿಯ ಚಿತ್ರ ಮೇಲಿನ ಹಾಳೆಯಲ್ಲಿ ಕಾಣಲೆಂದು. ಊರವರು ಅವಳು ಅಲ್ಲಿ ಎಕ್ಸರೇ ನೋಡುತ್ತಾಳೆ ಅಂದುಕೊಂಡಿದ್ದರು. ಒಬ್ಬ ಹೆಂಗಸು ಮುರಿದ ಕಾಲಿನ ಫಿಲ್ಮ್ ಹಿಡಿದುಕೊಂಡು ಬಂದೇಬಿಟ್ಟಿದ್ದಳು.

ನಮ್ಮ ಅಜ್ಜ, ಅಂದರೆ ಅವಳ ಅಪ್ಪ, ಕರಿಮೆಣಸಿನ ಅಂದಾಜಿಗೆ ಹೆಸರಾದವರು. ಬಳ್ಳಿಯ ಮೇಲಿರುವಾಗಲೇ ಮೆಣಸನ್ನು ವ್ಯಾಪಾರಿಗೆ ಕೊಡುವವರು ನಮ್ಮ ಕಡೆ ಬಹಳ. ತೋಟ ಒಂದು ಸುತ್ತು ಹಾಕಿ, ಇಷ್ಟು ಚೀಲ ಆಗುತ್ತದೆ ಅಂತ ಹೇಳಲು ಕೊಡ್ಲಿಪೇಟೆಯವರೆಗೂ ಅಜ್ಜನನ್ನು ಕರೆಯುತ್ತಿದ್ದರು. ಅಜ್ಜನ ಕೆಲವು ಕಟ್ಟುನಿಟ್ಟುಗಳಿದ್ದವು. ರಸ್ತೆ ಬದಿಯ ಬಳ್ಳಿ ನೋಡುವಂತಿಲ್ಲ, ಅದಕ್ಕೆ ಎಲ್ಲರೂ ಗೊಬ್ಬರ ಹಾಕಿರುತ್ತಾರೆ, ಒಳಗೆ ತಗ್ಗಿಗೆ ಇಳಿಯಬೇಕು. ಮೊದಲು ಊಟ ಹಾಕಬೇಕು, ಆಮೇಲೆ ಅಂದಾಜು ಕೇಳಬೇಕು. ಹೇಳಿದ ಮೇಲೆ ಯಾರೂ ವಾದ ಮಾಡಬಾರದು. ಎಲ್ಲಕ್ಕಿಂತ ದೊಡ್ಡದು, ಸ್ವಂತ ತೋಟದ ಫಸಲನ್ನು ತಾನೇ ಅಂದಾಜು ಮಾಡಬಾರದು. ನಮ್ಮದೇ ಮೆಣಸಿಗೆ ಅಜ್ಜ ಪಕ್ಕದ ಊರಿನವರನ್ನು ಕರೆಸಿ, ಊಟ ಹಾಕಿ, ಕೈಕಟ್ಟಿ ಕೂತು ಕೇಳುತ್ತಿದ್ದರು. ಆಸೆ ಇರುವ ಕಣ್ಣಿಗೆ ಖಾಲಿ ಬಳ್ಳಿಯಲ್ಲೂ ಕಾಳು ಕಾಣುತ್ತದೆ ಅಂತ ಅವರ ನಂಬಿಕೆ.

ಚಿಕ್ಕಮ್ಮ ಇದೇ ಕಟ್ಟುನಿಟ್ಟನ್ನು ಸಿನಿಮಾಕ್ಕೆ ಹಚ್ಚಿದಳು. ಪ್ರತಿ ವರ್ಷ ಆ ಪ್ರಶಸ್ತಿಗೆ ಐದು ಅನಿಮೇಷನ್ ಸಿನಿಮಾಗಳನ್ನು ಆರಿಸಿ ಜನವರಿಯ ಹೊತ್ತಿಗೆ ಪ್ರಕಟಿಸುತ್ತಾರೆ. ಆ ಐದು ಯಾವುವು ಅಂತ ಅವಳು ಡಿಸೆಂಬರಿನಲ್ಲೇ ಹೇಳುತ್ತಿದ್ದಳು. ಭಾನುವಾರ ಮಧ್ಯಾಹ್ನ ನನ್ನ ಫೋಟೋ ಸ್ಟುಡಿಯೋದ ಶಟರ್ ಅರ್ಧ ಎಳೆದು, ಗಿರಾಕಿಗಳಿಗೆ ಮದುವೆ ವಿಡಿಯೋ ತೋರಿಸುವ ದೊಡ್ಡ ಟಿವಿಯಲ್ಲಿ ನಾವು ಒಂದೊಂದೇ ಸಿನಿಮಾ ನೋಡುತ್ತಿದ್ದೆವು. ನಾನು, ಅವಳು, ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರೊಬ್ಬರು, ಇಷ್ಟೇ ಜನ. ಬೆಂಕಿ ಉಗುಳುವ, ಕಟ್ಟಡ ಬೀಳುವ ಜಾಗ ಬಂದರೆ ಅವಳು ಚಕ್ಕುಲಿ ತಿನ್ನುತ್ತಿದ್ದಳು. "ಅದು ರೋಡ್ ಸೈಡ್ ಬಳ್ಳಿ ಕಣೋ, ಅದನ್ನೇನ್ ನೋಡ್ತೀಯ" ಅನ್ನುವಳು. ಯಾರೋ ಒಬ್ಬಳು ಸುಮ್ಮನೆ ಬಾಗಿಲು ಹಾಕಿ ಬಂದು ಕೂರುವ ದೃಶ್ಯ ಬಂದರೆ ಚಕ್ಕುಲಿ ಕೆಳಗಿಟ್ಟು ಮುಂದೆ ಬಗ್ಗುತ್ತಿದ್ದಳು. "ಇಲ್ಲಿ ನೋಡು, ಇಲ್ಲಿ ಗೊತ್ತಾಗೋದು ಬಂಡವಾಳ."

ಮೊದಲ ಸಲ ಮೇಷ್ಟ್ರು ಬಂದಾಗ, "ಇದೆಲ್ಲ ಮಕ್ಕಳ ಪಿಚ್ಚರ್ ಅಲ್ವೇನಮ್ಮ, ದೊಡ್ಡವರು ಕೂತು ನೋಡುವಂಥದ್ದೇನಿದೆ?" ಅಂದುಬಿಟ್ಟರು. ಚಿಕ್ಕಮ್ಮ ಸಿನಿಮಾ ನಿಲ್ಲಿಸಿದಳು.

"ಮೇಷ್ಟ್ರೇ, ಒಂಚೂರು ಎದ್ದೇಳಿ."

ಅವರು ಎದ್ದರು.

"ಕೂತ್ಕಳಿ. ಈಗ ನಿಧಾನಕ್ಕೆ ಎದ್ದೇಳಿ. ಮೊದಲು ಏನು ಅಲ್ಲಾಡ್ತು? ತಲೆಯೋ, ಮಂಡಿಯೋ, ಕೈಯೋ?"

"ಮಂಡಿ ನೋವು ಕಣಮ್ಮ, ಅದೇ ಮೊದಲು ಅಲ್ಲಾಡೋದು."

"ಸುಳ್ಳು. ನೀವು ಮೊದಲು ಉಸಿರು ಎಳ್ಕಂಡ್ರಿ. ಭುಜ ಮೇಲಕ್ಕೆ ಹೋಯ್ತು. ಆಮೇಲೆ ತಲೆ ಮುಂದೆ ಬಂತು. ಇನ್ನೊಂದ್ಸಲ ಏಳಿ."

ಹೀಗೆ ಆ ಹಿರಿಯರನ್ನು ಅವಳು ಎಬ್ಬಿಸಿ ಕೂರಿಸಿ ಸುಸ್ತು ಮಾಡಿದಳು. ಕೊನೆಗೆ ಮೇಷ್ಟ್ರು ರೇಗಿ, "ನಾನು ನಿನ್ನ ಅಪ್ಪನ ಸ್ನೇಹಿತ, ಬಸ್ಕಿ ಹೊಡೆಸೋಕೆ ಕರೆಸಿದ್ದೀಯ?" ಅಂತ ಕೂಗಿ ಹೊರಟುಹೋದರು. ಮುಂದಿನ ಭಾನುವಾರ ಒಂದು ಪೊಟ್ಟಣ ಕೋಡುಬಳೆ ಹಿಡಿದುಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂತರು.

ಅವಳು ಎರಡು ಉತ್ತರ ಹೇಳುತ್ತಿದ್ದಳು. ಒಂದು, ಬರಬೇಕಾದ ಐದು. ಇನ್ನೊಂದು, ಬರುವ ಐದು. ಎರಡೂ ಒಂದೇ ಆದ ವರ್ಷ ನನಗೆ ನೆನಪಿಲ್ಲ. ಮೊದಲನೆಯದನ್ನು ಹೇಳುವಾಗ ಮುಖ ಸಡಿಲವಾಗುತ್ತಿತ್ತು. ಎರಡನೆಯದನ್ನು ಹೇಳುವಾಗ ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವವಳಂತೆ ಮಾತಾಡುತ್ತಿದ್ದಳು. "ಇದ್ರದು ಕಂಪನಿ ದೊಡ್ಡದು, ಬತ್ತದೆ. ಇದನ್ನ ಅವ್ರ ಮಕ್ಳು ಮನೇಲಿ ಹತ್ತು ಸಲ ಹಾಕಿರ್ತಾರೆ, ಬತ್ತದೆ. ಕೈಯಲ್ಲಿ ಬರೆದಿದ್ದು ಅಂತ ಒಂದಕ್ಕೆ ಜಾಗ ಬಿಡ್ತಾರೆ, ಮರ್ಯಾದೆಗೆ. ಅದು ಹೆಸರು ಮಾಡಿರೋ ಮುದುಕಂಗೆ ಹೋಗೋದು." ಎಲ್ಲ ಸಲವೂ ಸರಿಯಾಗುತ್ತಿತ್ತು ಅಂತಲ್ಲ. ಒಂದು ವರ್ಷ ಎರಡು ತಪ್ಪಿ, ತಿಂಗಳುಗಟ್ಟಲೆ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ತಪ್ಪಿದ್ದಕ್ಕೆ ಬೇಜಾರಲ್ಲ, ಬರಬೇಕಾದ್ದು ಒಂದು ಹೇಗೋ ಬಂದುಬಿಟ್ಟದ್ದನ್ನು ತಾನು ಮೊದಲೇ ನಂಬಲಿಲ್ಲವಲ್ಲ ಅಂತ ಬೇಜಾರು.

ಈ ನಡುವೆ ಹೈದರಾಬಾದಿನಲ್ಲಿ ಅವಳ ಕೆಳಗೆ ಕೆಲಸ ಕಲಿತ ಒಬ್ಬ ಹುಡುಗ, ಈಗ ತಲೆ ನರೆತವನು, ಒಂದು ಸಿನಿಮಾ ಮಾಡಲು ಹೊರಟ. ಪೂರ್ತಿ ಕೈಯಲ್ಲೇ ಬರೆದದ್ದು. ಊರು ಬಿಟ್ಟು ಹೋಗಲೊಪ್ಪದ ಒಬ್ಬ ಅಜ್ಜಿಯ ಕತೆ. ಅವಳಿಗೆ ಫೋನ್ ಮಾಡಿ, "ಅಕ್ಕಾ, ಅಜ್ಜಿಯ ಕೈ ನೀವೇ ಬರೀಬೇಕು. ಬರೆದವರ ಹೆಸರು ಒಂದೂ ಬಿಡಲ್ಲ, ಒಬ್ಬೊಬ್ಬರದ್ದೂ ಪರದೆ ತುಂಬ ಹಾಕ್ತೀನಿ" ಅಂದ. ಫೋನಿಟ್ಟ ಮೇಲೆ ಅವಳು ಪಟ್ಟಿ ಬಿಚ್ಚಿ ಮಣಿಕಟ್ಟನ್ನು ತಿರುಗಿಸಿ ನೋಡಿಕೊಂಡಳು.

ವರ್ಷಗಟ್ಟಲೆ ಬರೆದಳು. ಅಜ್ಜಿ ಬಾಳೆಲೆಯ ಮೇಲೆ ಅಕ್ಕಿ ರೊಟ್ಟಿ ತಟ್ಟುವ ಒಂದು ದೃಶ್ಯಕ್ಕಾಗಿ ನಮ್ಮಮ್ಮನನ್ನು ಇಡೀ ಬೆಳಿಗ್ಗೆ ಒಲೆ ಮುಂದೆ ಕೂರಿಸಿ ರೊಟ್ಟಿ ತಟ್ಟಿಸಿದಳು. "ಇನ್ನೆಷ್ಟೇ ತಟ್ಟದು, ಹಿಟ್ಟು ಮುಗೀತು" ಅಂತ ಅಮ್ಮ ಗೊಣಗಿದರೆ "ಹಿಟ್ಟು ಇಲ್ದಿದ್ರೂ ತಟ್ಟು, ನಂಗೆ ರೊಟ್ಟಿ ಬೇಡ, ಕೈ ಬೇಕು" ಅನ್ನುವಳು. ನಾವು ಎರಡು ದಿನ ರೊಟ್ಟಿಯನ್ನೇ ತಿಂದೆವು. ಬರೆದ ಹಾಳೆಗಳ ಕಟ್ಟನ್ನು ಕೊರಿಯರ್ ಅಂಗಡಿಗೆ ತಾನೇ ಹೊತ್ತುಕೊಂಡು ಹೋಗುತ್ತಿದ್ದಳು, ನನ್ನ ಕೈಗೂ ಕೊಡುತ್ತಿರಲಿಲ್ಲ. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡಳು.

ಸಿನಿಮಾ ಮುಗಿಯಿತು. ಹೊರದೇಶದ ಒಂದೆರಡು ಉತ್ಸವಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಆ ಪ್ರಶಸ್ತಿಗೆ ಪರಿಗಣಿಸುವ ಸಿನಿಮಾಗಳ ಸಾಲಿಗೂ ಸೇರಿತು. ಆಗ ನಿರ್ಮಾಪಕ ತನ್ನ ಲೆಕ್ಕಾಚಾರ ಬಾಯಿಬಿಟ್ಟು ಹೇಳಿದ. ಐದರಲ್ಲಿ ಒಂದಾಗಿ ಬಂದರೆ ಸಿನಿಮಾವನ್ನು ಇಡಿಯಾಗಿ ಥಿಯೇಟರುಗಳಲ್ಲಿ ಬಿಡುಗಡೆ ಮಾಡುತ್ತಾನೆ, ಕೊನೆಯ ಹೆಸರುಗಳ ಸಮೇತ. ಬರದಿದ್ದರೆ ಮಕ್ಕಳ ಚಾನೆಲ್ಲೊಂದಕ್ಕೆ ಮಾರುತ್ತಾನೆ, ಅವರು ಅದನ್ನು ತುಂಡು ತುಂಡು ಮಾಡಿ ಜಾಹೀರಾತಿನ ನಡುವೆ ಹಾಕುತ್ತಾರೆ. ತುಂಡು ಮಾಡಿದ್ದಕ್ಕೆ ಹೆಸರುಗಳಿರುವುದಿಲ್ಲ. ಅವಳಿಗೆ ಪ್ರಶಸ್ತಿಯ ಆಸೆಯಿರಲಿಲ್ಲ. ಒಂದೇ ಒಂದು ಸಲ, ಕುಶಾಲನಗರದಲ್ಲೋ ಮೈಸೂರಿನಲ್ಲೋ, ಕತ್ತಲಲ್ಲಿ ಕೂತ ಜನರೆದುರು ತನ್ನ ಹೆಸರು ಕೆಳಗಿನಿಂದ ಮೇಲಕ್ಕೆ ಉರುಳಿ ಹೋಗುವುದನ್ನು ನೋಡಬೇಕಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ನಮ್ಮಮ್ಮನ ಹತ್ತಿರ ಮಾತ್ರ. "ಅಷ್ಟೇನಾ?" ಅಂತ ಅಮ್ಮ ಕೇಳಿದ್ದಕ್ಕೆ "ಅಷ್ಟೇ ಅಕ್ಕ" ಅಂದಳಂತೆ.

ಆ ಡಿಸೆಂಬರಿನಲ್ಲಿ ಅವಳು ಅಂದಾಜು ಹೇಳಲಿಲ್ಲ. ಮೇಷ್ಟ್ರು ಕೇಳಿದ್ದಕ್ಕೆ "ಈ ವರ್ಷ ನಮ್ಮ ತೋಟದ್ದು ಅದ್ರಲ್ಲಿ ಅದೆ, ನಾನು ಹೇಳಂಗಿಲ್ಲ" ಅಂದಳು. ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದಳು. ಕೆಸುವಿನ ಸಾರು, ಅಕ್ಕಿ ರೊಟ್ಟಿ, ಮೇಲೆ ಪಾಯಸ. ಪಾಯಸ ನೋಡಿದ ಕೂಡಲೇ ಯಾಕೆ ಕರೆದಿದ್ದಾಳೆಂದು ನನಗೆ ತಿಳಿಯಿತು. ಅಂದಾಜು ಮಾಡಲು ಅವಳಿಗೆ ಹೊರಗಿನವರೊಬ್ಬರು ಬೇಕಿತ್ತು. ಅವಳು ಕಲಿಸಿದ ವಿದ್ಯೆ ಈ ಊರಿನಲ್ಲಿ ಇದ್ದದ್ದು ನನಗೊಬ್ಬನಿಗೆ.

ಕೈ ತೊಳೆದು ಬಂದೆ. ಅವಳು ಅಜ್ಜನ ಹಾಗೆಯೇ ಕೈಕಟ್ಟಿ ಕೂತಿದ್ದಳು.

"ಹೇಳು."

"ಬರಬೇಕು, ಚಿಕ್ಕಮ್ಮ. ಈ ವರ್ಷ ನಾವು ನೋಡಿದ್ದರಲ್ಲಿ ಇದರ ಹತ್ತಿರ ನಿಲ್ಲೋದು ಇನ್ನೊಂದಿಲ್ಲ."

"ಅದನ್ನ ಕೇಳ್ಲಿಲ್ಲ ನಾನು."

"ಬರಲ್ಲ."

ನಾನು ಕಾರಣವನ್ನೂ ಹೇಳಿದೆ, ಅವಳೇ ಕಲಿಸಿದ ಕಾರಣ. ಓಟು ಹಾಕುವವರಿಗೆ ಸಿನಿಮಾ ತೋರಿಸಲು ಅಲ್ಲಿ ಯಾರೂ ಇಲ್ಲ, ಹಿಂದೆ ಕಂಪನಿ ಇಲ್ಲ, ಕೈಯಲ್ಲಿ ಬರೆದದ್ದಕ್ಕೆ ಬಿಡುವ ಒಂದು ಜಾಗ ಈ ಸಲ ಆಗಲೇ ಇನ್ನೊಬ್ಬರದ್ದಾಗಿದೆ.

ಅಂದಾಜು ಹೇಳಿದ ಮೇಲೆ ವಾದ ಮಾಡಬಾರದು ಎಂಬ ಅಜ್ಜನ ಮಾತನ್ನು ಊರಿಗೆಲ್ಲ ಹೇಳುತ್ತಿದ್ದವಳು ಎದ್ದು ನಿಂತಳು. "ಏನ್ ನೋಡಿದ್ದೀಯ ನೀನು? ಮದುವೆ ಮನೇಲಿ ಹೆಣ್ಣು ಗಂಡಿನ ಮೂತಿಗೆ ಲೈಟ್ ಬಿಡೋನು, ನಿಂಗೇನ್ ಗೊತ್ತು? ಆ ಉತ್ಸವದಲ್ಲಿ ಎದ್ದು ನಿಂತ ಜನ ಕುರುಡ್ರಾ? ನಿನ್ನ ಕಣ್ಣು ಹಾಳಾಗ್ಯದೆ ಕಣೋ, ಹಾಳಾಗ್ಯದೆ! ಎದ್ದು ಹೋಗು!" ನಾನೂ ಸುಮ್ಮನಿರುವ ಪೈಕಿಯಲ್ಲ. "ಕೇಳೋಕೆ ಆಗ್ದಿದ್ರೆ ಪಾಯಸ ಯಾಕೆ ಮಾಡಿದೆ?" ಅಂತ ಕೂಗಿ ಬಾಗಿಲು ದೂಡಿಕೊಂಡು ಬಂದೆ. ಎರಡು ಮನೆಗಳ ನಡುವೆ ಒಂದು ಬೇಲಿ ಅಷ್ಟೆ, ಆದರೂ ಮುಂದಿನ ವಾರಗಳಲ್ಲಿ ನಾವು ಮುಖ ನೋಡಲಿಲ್ಲ. ಅಮ್ಮ ನಡುವೆ ನಿಂತು ಅವಳಿಗೆ ಸಾರು ದಾಟಿಸುತ್ತಿದ್ದಳು, ನನಗೆ ಬೈಗುಳ ದಾಟಿಸುತ್ತಿದ್ದಳು.

ಪ್ರಕಟಣೆಯ ದಿನ ಬಂತು. ನಮ್ಮಲ್ಲಿ ಅದು ಸಂಜೆಯ ಹೊತ್ತು. ಕಾಫಿ ಹಣ್ಣಿನ ಕೊಯ್ಲಿನ ಕಾಲ, ರಸ್ತೆಯಲ್ಲಿ ಕೂಲಿಯವರನ್ನು ಇಳಿಸಿ ಬರುವ ಜೀಪುಗಳ ಸದ್ದು. ಸಂಘದ ಅಧ್ಯಕ್ಷರಿಗೆ ಅದು ಹೇಗೋ ಗೊತ್ತಾಗಿ, ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಹೊರಿಸಿಕೊಂಡು ನಾಲ್ಕು ಜನರೊಡನೆ ನನ್ನ ಸ್ಟುಡಿಯೋಗೆ ಬಂದು ಕೂತರು. "ಬಂದ ತಕ್ಷಣ ಇಲ್ಲೇ ಸನ್ಮಾನ ಬ್ರದರ್, ನೀವೇ ಫೋಟೋ ಹೊಡೀರಿ" ಅಂದರು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿದ್ದರು. ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಒಳ್ಳೆಯ ಸೀರೆ ಉಟ್ಟಿರಲಿಲ್ಲ, ಮನೆಯಲ್ಲಿ ಉಡುವ ಹತ್ತಿ ಸೀರೆಯಲ್ಲೇ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು. ನನ್ನ ಕಡೆ ನೋಡಲಿಲ್ಲ.

ಐದು ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಓದುತ್ತಾರೆ. ಟಿವಿಯಲ್ಲಿ ಒಬ್ಬಳು ಬಂದು ನಿಂತು ಅನಿಮೇಷನ್ ಎಂಬ ಪದ ಹೇಳಿದಳು. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಒಂದು ಸಿನಿಮಾದ ಹೆಸರು ಹೇಳಿದಳು, ಮೆಲ್ಲಗೆ. ಟಿವಿಯವಳೂ ಅದನ್ನೇ ಓದಿದಳು. ಚಿಕ್ಕಮ್ಮ ಎರಡನೆಯದನ್ನು ಹೇಳಿದಳು. ಅವಳೂ ಅದನ್ನೇ ಓದಿದಳು. ನಮ್ಮ ಸಿನಿಮಾದ ಮೊದಲ ಅಕ್ಷರ ಬರಬೇಕಾದ ಜಾಗ ಅದು, ಬಂದರೆ ಈಗ ಬರಬೇಕು. ಅಧ್ಯಕ್ಷರು ಹಾರ ಕೈಗೆತ್ತಿಕೊಂಡರು. ಚಿಕ್ಕಮ್ಮ ಅಕ್ಷರಮಾಲೆಯಲ್ಲಿ ಅದನ್ನು ದಾಟಿದ ಮೇಲೆ ಬರುವ ಇನ್ನೊಂದು ಹೆಸರು ಹೇಳಿದಳು. ಟಿವಿಯವಳು ಅದನ್ನೇ ಓದಿ ನಕ್ಕಳು. ನಾಲ್ಕನೆಯದು, ಐದನೆಯದು, ಎರಡೂ ಅವಳ ಬಾಯಿಂದಲೇ ಮೊದಲು ಬಂದವು. ಒಂದೂ ತಪ್ಪಲಿಲ್ಲ.

"ಏನು, ಆಯ್ತಾ? ನಮ್ದು ಯಾವ್ದು ಇದ್ರಲ್ಲಿ?" ಅಂತ ಅಧ್ಯಕ್ಷರು ಕೇಳಿದರು.

ಮೇಷ್ಟ್ರು "ನಮ್ಮದು ಇಲ್ಲ" ಅಂದರು. ಅಧ್ಯಕ್ಷರು ಹಾರವನ್ನು ಕವರಿಗೆ ಹಾಕಿಕೊಂಡರು. ಶಾಲು ಮಡಚಿಕೊಂಡರು. ಹಣ್ಣಿನ ಬುಟ್ಟಿಯನ್ನಾದರೂ ಬಿಟ್ಟು ಹೋಗುತ್ತಾರೆಂದು ನಾನು ನೋಡುತ್ತಿದ್ದೆ. ಅದನ್ನೂ ಎತ್ತಿಕೊಂಡು ಹೋದರು, ನಾಳೆ ಇನ್ನೊಬ್ಬರ ಸನ್ಮಾನ ಇದೆಯಂತೆ. ಬುಟ್ಟಿಯಿಂದ ಒಂದು ಕಿತ್ತಳೆ ಉರುಳಿ ಬಿದ್ದದ್ದನ್ನು ಎತ್ತಿಕೊಟ್ಟವಳು ಚಿಕ್ಕಮ್ಮನೇ.

ಅವರು ಹೋದ ಮೇಲೆ ಅವಳು ನನ್ನತ್ತ ತಿರುಗಿದಳು. "ನಂಗೆ ಗೊತ್ತಿತ್ತು ಕಣೋ. ನಮ್ಮದು ಬರಲ್ಲ ಅಂತ ಹೊರದೇಶದ ಚಪ್ಪಾಳೆ ಕೇಳಿದಾಗ್ಲೇ ಗೊತ್ತಿತ್ತು. ಆದ್ರೂ ನಿನ್ನ ಕರೆದು ಕೇಳ್ದೆ. ನನ್ನ ಕಣ್ಣು ತಪ್ಪಿರ್ಲಿ, ನೀನಾದ್ರೂ ಬತ್ತದೆ ಅನ್ಲಿ ಅಂತ."

"ಹಂಗಾದ್ರೆ ಬರುತ್ತೆ ಅಂದಿದ್ರೆ ಚೆನ್ನಾಗಿತ್ತಾ?" ಅಂದೆ.

"ಅಂದಿದ್ರೆ ಕಪಾಳಕ್ಕೆ ಬಿಡ್ತಿದ್ದೆ. ಇಷ್ಟು ವರ್ಷ ಕಲ್ಸಿದ್ದು ಇದಕ್ಕಾ ಅಂತ." ಅವಳು ಎದ್ದಳು. "ನಾಳೆ ಊಟಕ್ಕೆ ಬಾ. ಸುಮ್ನೆ ಬಾ, ಏನೂ ಕೇಳಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು.

ನಿರ್ಮಾಪಕ ಹೇಳಿದಂತೆಯೇ ಮಾಡಿದ. ಆ ಸಿನಿಮಾವನ್ನು ಚಾನೆಲ್ಲಿನವರು ಕತ್ತರಿಸಿದರು. ಅಜ್ಜಿಗೆ ಕೀರಲು ದನಿ ಕೊಟ್ಟು, ಅವಳು ಸುಮ್ಮನೆ ಕೂತಿದ್ದ ಜಾಗದಲ್ಲೆಲ್ಲ ಢಣ್ ಢಣ್ ಸಂಗೀತ ತುಂಬಿದರು. ಸುಮ್ಮನೆ ಕೂರುವುದನ್ನು ಬರೆಯಲು ಅವಳು ತಿಂಗಳುಗಳನ್ನು ತೆಗೆದುಕೊಂಡಿದ್ದಳು. ನಿರ್ದೇಶಕ ಫೋನಿನಲ್ಲಿ ಅತ್ತ. "ಅಕ್ಕಾ, ಕಾಂಟ್ರಾಕ್ಟಿನಲ್ಲಿ ಹಾಗೇ ಇತ್ತು, ನನ್ನ ಕೈಲಿ ಏನೂ ಇರ್ಲಿಲ್ಲ." ಅವಳು ಬೈಯುತ್ತಾಳೆಂದು ನಾನು ಕಾದೆ. ಬೈಯಲಿಲ್ಲ. "ಇನ್ನೊಂದು ಮಾಡು. ನನ್ನ ಕೈ ಇರೋತನಕ ಮಾಡು" ಅಂದಳು. ಆಗ ನಾನು ಅವಳ ಮೇಲೂ ರೇಗಿದೆ. ಊರಿನ ಮಕ್ಕಳು ಮುಟ್ಟಿದರೆ ಗದರುವವಳು, ಬದುಕನ್ನೇ ಕತ್ತರಿಸಿದವರಿಗೆ ಒಂದು ಮಾತು ಅನ್ನಲಿಲ್ಲವಲ್ಲ ಅಂತ. "ಅವ್ನು ಕತ್ತರಿಸ್ಲಿಲ್ಲ ಕಣೋ, ಕತ್ತರಿಸಿದವ್ರು ಫೋನ್ ಎತ್ತಲ್ಲ. ಎತ್ತಿದವನಿಗೇ ಬಯ್ಯದು ನ್ಯಾಯನಾ?" ಅಂದಳು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆಯೆಂದು ಗೊತ್ತಾಯಿತು. ಮಾತ್ರೆಯ ಉರಿ ಅಂತ ಇಷ್ಟು ದಿನ ತಳ್ಳಿಹಾಕಿದ್ದಳು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅಲ್ಲೂ ಎಡಗೈಗೆ ಚಾರ್ಟಿನ ಹಾಳೆ ಸಿಕ್ಕರೆ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ನರ್ಸುಗಳು ಬೈದು ಕಿತ್ತುಕೊಳ್ಳುತ್ತಿದ್ದರು. ಆ ವರ್ಷದ ಐದನ್ನೂ ಹಾಸಿಗೆಯಲ್ಲೇ ಹೇಳಿದಳು. ಫಲಿತಾಂಶಕ್ಕೆ ಅವಳು ಇರಲಿಲ್ಲ. ನಾಲ್ಕು ಸರಿಯಾಗಿದ್ದವು.

ಒಂದು ಬೆಳಿಗ್ಗೆ ವಾರ್ಡಿನ ಟಿವಿಯಲ್ಲಿ ಆ ಚಾನೆಲ್ ಇತ್ತು. ಅಜ್ಜಿ ರೊಟ್ಟಿ ತಟ್ಟುವ ತುಂಡು ಬಂತು. ನಾನು ಅವಳ ತಲೆಯ ಹಿಂದೆ ದಿಂಬು ಏರಿಸಿದೆ. ಎಲೆಯ ಮೇಲೆ ಬೆರಳುಗಳು ಹಿಟ್ಟನ್ನು ಹರಡುತ್ತ, ಅಂಚಿಗೆ ಬಂದಾಗ ನಿಧಾನವಾಗುತ್ತ, ನೀರು ಮುಟ್ಟಿ ಮತ್ತೆ ತಟ್ಟುತ್ತ ಹೋದವು. ಪಕ್ಕದ ಹಾಸಿಗೆಯಲ್ಲಿ ಕೆ.ಆರ್. ನಗರದ ಕಡೆಯ ಒಬ್ಬ ಹೆಂಗಸಿದ್ದಳು, ಅಲ್ಲಿಯವರೆಗೆ ಯಾರ ಜೊತೆಯೂ ಮಾತಾಡಿರಲಿಲ್ಲ. ಅವಳು ತಲೆ ಎತ್ತಿ, "ಅಯ್ಯೋ, ನಮ್ಮವ್ವನ ಕೈ ಕಣಪ್ಪ ಅದು. ಥೇಟು ನಮ್ಮವ್ವ ತಟ್ಟತಿದ್ದಂಗೇ ಅದೆ" ಅಂದಳು. ಆ ಮಾತು ಮುಗಿಯುವಷ್ಟರಲ್ಲಿ ತುಂಡು ಮುಗಿದು, ಬಿಸ್ಕತ್ತಿನ ಜಾಹೀರಾತು ಬಂತು.

ನಾನು ಎದ್ದು, "ಅದನ್ನ ಬರೆದವರು ಇವರು! ಇವರೇ!" ಅಂತ ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು, ನರ್ಸ್ ಓಡಿ ಬಂದಳು. ಆ ಹೆಂಗಸು ಟಿವಿ ನೋಡಿದಳು, ಇವಳನ್ನು ನೋಡಿದಳು, ಆದರೆ ನಾನು ಏನು ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಬಿಸ್ಕತ್ತನ್ನು ಬರೆದವರು ಅಂದುಕೊಂಡಳೋ ಏನೋ. ಚಿಕ್ಕಮ್ಮ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು.

"ಕಿರುಚಬೇಡ ಕಣೋ. ಕೊನೇಲಿ ಹೆಬ್ಬೆರಳು ಒಂಚೂರು ಬೇಗ ಬಂದುಬಿಟ್ಟದೆ. ನೋಡ್ದಾ?"

ನಾನು ನೋಡಿರಲಿಲ್ಲ. ಅದಾಗಿ ಹತ್ತು ದಿನಕ್ಕೆ ಅವಳು ಹೋದಳು.

ಇದನ್ನು ಬರೆದು ಮುಗಿಸಿ ಮೇಷ್ಟ್ರಿಗೆ ಓದಲು ಕೊಟ್ಟೆ. ಅವರು ಎರಡು ಸಲ ಓದಿ, "ಎಲ್ಲ ಬರೆದಿದ್ದೀಯ, ಅವಳ ಹೆಸರು ಒಂದು ಬರೆದಿಲ್ಲವಲ್ಲೋ" ಅಂದರು. ಮರೆತದ್ದಲ್ಲ. ಹೆಸರು ಇರಬೇಕಾದ ಜಾಗ ನನ್ನ ಬರಹ ಅಲ್ಲ, ಆ ಸಿನಿಮಾದ ಕೊನೆ. ಇಲ್ಲಿ ಬರೆದರೆ ಓದಿದವರು ಪಾಪ ಅಂತ ಒಂದು ಉಸಿರು ಬಿಟ್ಟು, ಸದ್ಯ ಇಲ್ಲಾದರೂ ಹೆಸರು ಬಂತಲ್ಲ ಅಂತ ಸಮಾಧಾನಪಟ್ಟುಕೊಂಡು ಪುಟ ತಿರುಗಿಸುತ್ತಾರೆ. ಯಾರಿಗೂ ಸಮಾಧಾನ ಆಗುವುದು ನನಗೆ ಬೇಕಿಲ್ಲ. ಆ ಚಾನೆಲ್ಲಿನ ಆಫೀಸಿಗೆ ನಾನು ಪ್ರತಿ ಸೋಮವಾರ ಅಂಗಡಿ ತೆಗೆದ ಕೂಡಲೇ ಫೋನ್ ಮಾಡಿ, ಅಜ್ಜಿಯ ಕೈ ಬರೆದದ್ದು ಯಾರು ಅಂತ ಕೇಳುತ್ತೇನೆ. ಗೊತ್ತಿಲ್ಲ ಸಾರ್ ಅನ್ನುತ್ತಾರೆ. ಗೊತ್ತು ಮಾಡಿಕೊಂಡು ಹೇಳಿ, ಮುಂದಿನ ವಾರ ಮಾಡುತ್ತೇನೆ ಅನ್ನುತ್ತೇನೆ. ಹೆಸರು ತಿಳಿಯಬೇಕೆನ್ನುವವರು ನನ್ನನ್ನು ಕೇಳಬೇಡಿ. ಅವರನ್ನು ಕೇಳಿ.